ಐದೂವರೆ ನಿಮಿಷ

ಬೆಳಿಗ್ಗೆ ಹತ್ತೂಕಾಲಿಗೆ ಹೊರಗಿನಿಂದ ಗೇಟಿಗೆ ಬೀಗ ಬಿತ್ತು. ಶೆಡ್ಡಿನೊಳಗೆ ಹತ್ತು ಜನರಿದ್ದರು: ರೇಷ್ಮೆಗೂಡು ಬೇಯಿಸುವ ಮುನಿಶಾಮಿ, ಯಂತ್ರ ಕೂಡಿಸಲು ಬಂದಿದ್ದ ಎಂಜಿನಿಯರ್ ಚೈತನ್ಯ, ಕಂಟ್ರಾಕ್ಟರ್ ಹೊರರಾಜ್ಯದಿಂದ ಕರೆತಂದಿದ್ದ ಎಂಟು ಕೆಲಸಗಾರರು. ಹೊರಗೆ ಮೂವತ್ತು ಹೆಂಗಸರು. ಅವರ ಹಿಂದೆ ಅವರ ಗಂಡಂದಿರು, ತಮ್ಮಂದಿರು.

ಶಿಡ್ಲಘಟ್ಟದ ಮುನಿಶಾಮಿಯ ಬೀದಿಯಲ್ಲಿ ಒಂದೇ ವರ್ಷಕ್ಕೆ ನೂಲು ತೆಗೆಯುವ ಹನ್ನೊಂದು ಫಿಲೇಚರ್‌ಗಳ ಒಲೆ ಆರಿತ್ತು. ಬಿಸಿನೀರಿನ ಬೇಸಿನ್ನಿನ ಮುಂದೆ ಕೂತು ಆ ಹೆಂಗಸರು ಮಾಡುತ್ತಿದ್ದ ಕೆಲಸವನ್ನು ಚಿಂತಾಮಣಿ ರಸ್ತೆಯ ಈ ಹೊಸ ಶೆಡ್ಡಿನ ಯಂತ್ರ ಮಾಡುತ್ತಿತ್ತು. ಎಳೆ ತುಂಡಾದರೆ ಅದೇ ಹಿಡಿಯುತ್ತದೆ, ನೂಲಿನ ದಪ್ಪವನ್ನು ಅದೇ ಅಳೆಯುತ್ತದೆ. ಆದರೆ ಯಾವ ಊರಿನ ಗೂಡನ್ನು ಎಷ್ಟು ಹೊತ್ತು ಬೇಯಿಸಬೇಕೆಂಬುದು ಅದಕ್ಕೆ ಗೊತ್ತಿಲ್ಲ. ಬೇಯುವುದು ಸಾಲದಿದ್ದರೆ ಗೂಡು ಎಳೆ ಬಿಡುವುದಿಲ್ಲ. ಹೆಚ್ಚು ಬೆಂದರೆ ರೇಷ್ಮೆ ಸಿಕ್ಕುಸಿಕ್ಕಾಗಿ ಕಸಕ್ಕೆ ಹೋಗುತ್ತದೆ. ಮುನಿಶಾಮಿ ಹೆಬ್ಬೆರಳಿನಿಂದ ಗೂಡನ್ನು ಒತ್ತಿ ಅದನ್ನು ಹೇಳಬಲ್ಲ. ಹಾಗಾಗಿ ಇಡೀ ಬೀದಿಯಿಂದ ಕೆಲಸ ಸಿಕ್ಕಿದ್ದು ಅವನೊಬ್ಬನಿಗೆ.

ಅವನು ಒತ್ತಿ ನೋಡಿ "ಇಳಿಸಿ" ಎನ್ನುತ್ತಿದ್ದ. ಚೈತನ್ಯ ನೀರಿನ ಶಾಖವನ್ನೂ ನಿಮಿಷವನ್ನೂ ಪಟ್ಟಿಯಲ್ಲಿ ಬರೆದುಕೊಳ್ಳುತ್ತಿದ್ದ. ಮೊದಲ ಲಾಟಿನ ಗೂಡು ಬೇಯಿಸುವ ಹಿಂದಿನ ದಿನ ಟೀ ಕುಡಿಯುತ್ತ ಚೈತನ್ಯ ಹೇಳಿದ್ದ: "ನಲವತ್ತು ಲಾಟ್ ಆದ್ರೆ ಸಾಕಣ್ಣ. ಆಮೇಲೆ ಮೆಷಿನ್ನೇ ನೋಡ್ಕೊಳ್ಳುತ್ತೆ. ನೀವು ಆರಾಮ."

ಆ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಮಾರನೆಯ ದಿನದಿಂದ ಮುನಿಶಾಮಿ ಪ್ರತಿ ಲಾಟನ್ನೂ ಒಂದೂವರೆ ನಿಮಿಷ ತಡವಾಗಿ ಇಳಿಸತೊಡಗಿದ. ಪಟ್ಟಿ ತಪ್ಪಾಗಿರುವಷ್ಟು ದಿನ ಅವನ ಹೆಬ್ಬೆರಳು ಬೇಕಾಗುತ್ತದೆ. ಕಸ ಜಾಸ್ತಿ ಬಂದಾಗಲೆಲ್ಲ ಚೈತನ್ಯ ಯಂತ್ರದಲ್ಲಿ ಎಳೆಯ ತುದಿ ಹುಡುಕುವ ಬ್ರಷ್ಷಿನ ಮೇಲೆ ಅನುಮಾನಪಟ್ಟು ಅದನ್ನು ಬಿಚ್ಚಿ ಜೋಡಿಸುತ್ತಿದ್ದ.

ಈಗ ಇಪ್ಪತ್ತಮೂರನೆಯ ಲಾಟು, ತೊಂಡೇಬಾವಿಯ ಗೂಡು, ತೊಟ್ಟಿಯಲ್ಲಿ ಬೇಯುತ್ತಿತ್ತು. ಮಾಲೀಕ ಭಾನುಪ್ರಕಾಶ್ ಫೋನಿನಲ್ಲಿ, ಪೊಲೀಸರು ಹೊರಟಿದ್ದಾರೆ, ಕೆಲಸ ನಿಲ್ಲಿಸಬೇಡಿ ಎಂದಿದ್ದ.

"ಏ ಮುನಿಶಾಮಣ್ಣ," ಗೇಟಿನ ಪಕ್ಕದ ಗವಾಕ್ಷಿಯಿಂದ ಷಮೀಮಳ ದನಿ ಬಂತು. ಹತ್ತೊಂಬತ್ತು ವರ್ಷ ಅವನು ಬೇಯಿಸಿಕೊಟ್ಟ ಗೂಡಿನಿಂದ ನೂಲು ತೆಗೆದವಳು. "ಬೀದಿ ಒಲೆಯೆಲ್ಲ ಆರಿದ್ಮೇಲೆ ನೀನೊಬ್ಬ ಇಲ್ಲಿ ಚಳಿ ಕಾಯಿಸ್ಕೊತಿದ್ದೀಯ?"

"ನಾನೇನು ಮಾಡ್ಲಿ ಷಮೀಮಮ್ಮ. ಕರೆದ್ರು, ಬಂದೆ."

"ನಮ್ಮನ್ಯಾಕೆ ಕರೀಲಿಲ್ಲ ಅಂತ ಕೇಳಿದ್ಯಾ?"

ಅವನು ಕೇಳಿರಲಿಲ್ಲ. ಅವಳ ಹಿಂದಿನಿಂದ ಒಬ್ಬ ಗಂಡಸು, "ಅವನ್ಜೊತೆ ಏನು ಮಾತು, ಆ ಹೊರಗಿನವರನ್ನ ಆಚೆ ಎಳೀರಿ ಮೊದ್ಲು," ಎಂದ. ತಗಡಿನ ಚಾವಣಿಯ ಮೇಲೆ ಕಲ್ಲು ಬಿತ್ತು, ಮತ್ತೊಂದು. ಎಂಟೂ ಜನ ಗೂಡಿನ ಚೀಲಗಳ ಹಿಂದೆ ಸರಿದು ಕುಕ್ಕರಗಾಲಲ್ಲಿ ಕೂತರು. ಅವರಲ್ಲೊಬ್ಬ ಮುನಿಶಾಮಿಯ ಮುಖ ನೋಡಿದ. ಹೊರಗಿರುವವರ ಭಾಷೆ ಅವನಿಗೆ ತಿಳಿಯದು, ಕಲ್ಲಿನದು ತಿಳಿದಿತ್ತು.

ಮುನಿಶಾಮಿ ತೊಟ್ಟಿಗೆ ತಿರುಗಿದ. ಐದೂವರೆ ನಿಮಿಷ ದಾಟಿತ್ತು. ಅವನು ಒತ್ತಿ ನೋಡಿದ, ಹದ ಬಂದಿತ್ತು; ಇಳಿಸಿ ಎನ್ನದೆ ಕಾದ. ಆರು. ಆರೂಕಾಲು. ಗೂಡಿನೊಳಗೆ ಹೆಚ್ಚು ಬೆಂದ ಹುಳುವಿನ ಎಣ್ಣೆ ವಾಸನೆ ಹಬೆಯ ಜೊತೆ ಗವಾಕ್ಷಿಯಿಂದ ಹೊರಹೋಗುತ್ತಿತ್ತು.

ಹೊರಗಿನ ಗದ್ದಲ ಒಂದು ಕ್ಷಣ ತಗ್ಗಿತು.

"ಮುನಿಶಾಮಣ್ಣ, ಇಳಿಸು," ಷಮೀಮ್ ಕೂಗಿದಳು. "ಬೆಂದು ಹೋಯ್ತು."

ಇನ್ನೊಬ್ಬಳು ಸೇರಿಸಿದಳು: "ಅಯ್ಯೋ, ಯಾವಾಗ್ಲೋ ಆಗಿತ್ತು ಕಣೇ. ಹೊಸ ಸಂಬಳ ಬಂದ್ಮೇಲೆ ಮೂಗು ಕೆಲ್ಸ ಬಿಟ್ಟೈತೆ ಅಣ್ಣಂಗೆ."

ಕೆಲವರು ನಕ್ಕರು. ಬೀಗ ಹಾಕಿ ನಿಂತವರಿಗೂ ಹಾಳಾಗುತ್ತಿರುವ ಗೂಡಿನ ವಾಸನೆ ತಡೆಯಲಾಗಿರಲಿಲ್ಲ.

ಚೈತನ್ಯ ಗಡಿಯಾರ ನಿಲ್ಲಿಸಿದ. ಗವಾಕ್ಷಿಯ ಕಡೆ ನೋಡಿದ, ಪಟ್ಟಿ ನೋಡಿದ, ಹಿಂದಿನ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದ.

"ಇವೆಲ್ಲ ಹೀಗೇನಾ ಅಣ್ಣ?"

ಮುನಿಶಾಮಿ ಬೆಂದು ಹೋದ ಬುಟ್ಟಿಯನ್ನು ಎತ್ತಿ ಬದಿಗಿಟ್ಟ.

"ನಾನು ಬ್ರಷ್ ಬಿಚ್ಚಿ ಬಿಚ್ಚಿ ಸತ್ತೆ," ಚೈತನ್ಯ ಮೆಲ್ಲಗೆ ಹೇಳಿದ. ಗವಾಕ್ಷಿಯ ಕಡೆ ಕೈ ತೋರಿಸಿ, "ಹೊರಗಿಂದಾನೇ ಹೇಳಿದ್ರಲ್ಲ, ಅವರ ಹೆಸರೇನು?"

ಹೆಸರು ಹೇಳಿದರೆ ನಾಳೆ ಅವಳಿಗೆ ಇಲ್ಲಿಂದ ಕೆಲಸದ ಕರೆ ಬರುತ್ತದೆ. ಮಗಳು ತರನ್ನುಮಳ ಕಾಲೇಜನ್ನು ದುಡ್ಡಿಲ್ಲದೆ ನಿಲ್ಲಿಸಿರುವ ಷಮೀಮ್ ಬಂದೇ ಬರುತ್ತಾಳೆ. ಆಗ ಉಳಿದ ಇಪ್ಪತ್ತೊಂಬತ್ತು ಜನ ಅವಳ ಬಾಗಿಲಿಗೆ ಬೀಗ ಹಾಕುತ್ತಾರೆ. ನಲವತ್ತು ಲಾಟು ಮುಗಿದ ಮೇಲೆ ಅವಳೂ ಗೇಟಿನಾಚೆ. ಹೆಸರು ಹೇಳದಿದ್ದರೆ ಸರಿಯಾದ ನಿಮಿಷಗಳನ್ನು ತಾನೇ ಕೊಡಬೇಕು. ಎರಡೂ ಬೇಡವೆಂದು ಎದ್ದು ಹೋಗಲು ಗೇಟಿಗೆ ಬೀಗವಿತ್ತು.

"ಹೆಸರು ಯಾಕೆ ಸಾರ್. ಇನ್ನೊಂದ್ಸಲ ಹಾಕಿ," ಎಂದ. "ಗಡಿಯಾರ ಹಿಡ್ಕೊಳ್ಳಿ."

ಅದೇ ಗೂಡಿನ ಇನ್ನೊಂದು ಬುಟ್ಟಿಯನ್ನು ತೊಟ್ಟಿಗೆ ಹಾಕಿದರು. ಚಾವಣಿಯ ಮೇಲೆ ಮತ್ತೆ ಕಲ್ಲು ಬಿತ್ತು. ದೂರದಲ್ಲಿ ಜೀಪಿನ ಸದ್ದು ಕೇಳಿತು. ಹೊರಗೆ ಗಂಡಸರ ದನಿ ಏರಿತು. ಮುನಿಶಾಮಿ ಬೆರಳುಗಳನ್ನು ಹಬೆಯಲ್ಲಿ ಇಳಿಬಿಟ್ಟು ನಿಂತಿದ್ದ. ಐದು ನಿಮಿಷವಾದ ಮೇಲೆ ಒಂದು ಗೂಡನ್ನು ಎತ್ತಿ ಒತ್ತಿದ. ಇನ್ನೂ ಸ್ವಲ್ಪ. ಮತ್ತೊಂದನ್ನು ಎತ್ತಿದ.

"ಇಳಿಸಿ," ಎಂದ.

ಚೈತನ್ಯ ಹಳೆಯ ಇಪ್ಪತ್ತೆರಡು ಸಾಲುಗಳ ಮೇಲೆ ಗೆರೆ ಎಳೆದು, ಕೆಳಗೆ ಹೊಸದಾಗಿ ಒಂದನೆಯ ಲಾಟು, ಐದೂವರೆ ನಿಮಿಷ ಎಂದು ಬರೆದ.

ಗವಾಕ್ಷಿಯ ಆಚೆ ಷಮೀಮ್ ಮೂಗೆಳೆದುಕೊಂಡದ್ದು ಕೇಳಿಸಿತು.

"ಹ್ಞಾಂ, ಈಗ ಸರಿ," ಎಂದಳು.