ಮಲ್ಲಿಗೆಯೋ ಗುಲಾಬಿಯೋ

ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಸುಮ್ಮನೆ ಹೋಗಲಿಲ್ಲ, ಅತ್ತರು ಬೆರೆಸುವ ಮಾವನ ಮೂಗನ್ನೂ ಹೊತ್ತುಕೊಂಡು ಹೋಯಿತು. ಹೂವು, ಹೊಗೆ, ಸೀದ ಹಾಲು, ಅವರಿಗೀಗ ಎಲ್ಲವೂ ಒಂದೇ. ಸಂಗತಿ ಮನೆಯ ಹೊಸಿಲು ದಾಟಿರಲಿಲ್ಲ. ಬೆರೆಸುವ ಕೆಲಸ ಮಾತ್ರ ಸೊಸೆಯ ಕೈಗೆ ಬಂದಿತ್ತು.

"ಇವತ್ತಿನ ಗಿರಾಕಿ ಒಬ್ಬರದು ಮುಗೀಲಿ ಕಣಮ್ಮ, ನಾಳೆಯಿಂದ ನಾನು ಅಂಗಡಿಗೆ ಬರಲ್ಲ," ಎಂದರು ಮಾವ ಬೆಳಿಗ್ಗೆ. "ಮೂಗಿಲ್ಲದವನು ಇಲ್ಲಿ ಕೂತರೆ ಜಾಗ ದಂಡ."

ಒಂದು ಹನಿಯಲ್ಲಿ ಎಷ್ಟು ಹೂವು ಹಿಡಿಸುತ್ತದೆಂದು ಸೊಸೆಗೆ ಕಲಿಸಿದವರು ಅವರೇ. ಅವರು ಪಕ್ಕದಲ್ಲಿಲ್ಲದೆ ಬಿರಡೆ ತೆಗೆಯಲೂ ಅವಳಿಗೆ ಕೈ ಬಾರದು.

ಗಿರಾಕಿ ಮದುವೆಹೆಣ್ಣಿನ ಸೋದರತ್ತೆ. ಮಾತು ಬಾಗಿಲಲ್ಲೇ ಶುರುವಾಗಿತ್ತು. ಸೊಸೆ ಮಾದರಿಯ ಎರಡು ಸೀಸೆ ಮುಂದಿಟ್ಟಳು: ಲಾವಂಚದ ಒಣಬೇರಿನ ಕಂಪಿನ ಮೇಲೆ ಕೂರಿಸಿದ ಮಲ್ಲಿಗೆ, ನೆನೆದ ಮಣ್ಣಿನ ಕಂಪಿನ ಮೇಲೆ ಅರಳಿಸಿದ ಗುಲಾಬಿ.

"ಯಜಮಾನರೇ, ನಮ್ಮ ಹುಡುಗಿಗೆ ಯಾವುದು ಒಪ್ಪುತ್ತೆ? ನಿಮ್ಮ ಮೂಗು ಹೇಳಿದ ಮೇಲೆ ಮುಗೀತು."

ಮಾವ ತಣ್ಣಗೆ, "ನನ್ನ ಮೂಗು ಹೋಗಿ ಎಷ್ಟೋ ದಿನ ಆಯ್ತು ತಾಯಿ. ಇವೆರಡೂ ಇವಳ ಕೈಕೆಲಸ," ಎಂದುಬಿಟ್ಟರು.

"ಅಯ್ಯೋ! ಮತ್ತೆ ಆರಿಸೋರು ಯಾರು?"

"ನೀವೇ. ಮೂಸುವಾಗ ಮಾತಾಡಬಾರದು, ಅಷ್ಟೆ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ!" ಎಂದರೂ ಸೋದರತ್ತೆ ತುಟಿ ಬಿಗಿದುಕೊಂಡರು.

ಮಾವ ಕಣ್ಣು ಮುಚ್ಚಿದರು. ಸೊಸೆ ಮೊದಲು ಮಲ್ಲಿಗೆ ಸವರಿದ ಕಾಗದದ ಪಟ್ಟಿ ಕೊಟ್ಟಳು, ಸ್ವಲ್ಪ ತಾಳಿ ಗುಲಾಬಿಯದು.

"ಮಲ್ಲಿಗೆನೇ ಇರಲಿ. ಮದುವೆಮನೆಯೆಲ್ಲ ಘಮಘಮ!"

"ನಿಮ್ಮ ಬಾಯಿ ಮಲ್ಲಿಗೆ ಅಂತು," ಎಂದರು ಮಾವ, "ಉಸಿರು ಗುಲಾಬಿ ಅಂತು. ಮಲ್ಲಿಗೆಗೆ ಉಸಿರು ಬಂದಷ್ಟೇ ಬೇಗ ಹೊರಟುಹೋಯ್ತು. ಗುಲಾಬಿಗೆ ಒಳಗೆ ಹೋಗಿದ್ದು, ವಾಪಸು ಬರೋಕೆ ಮನಸ್ಸಿಲ್ಲದೆ ಅಲ್ಲೇ ಕೂತಿತ್ತು."

ಬಲ್ಲವರು ಪದ್ಯ ಓದುವಾಗ ಸಾಲಿನ ನಡುವೆ ಒಂದಿಷ್ಟು ತಡೆಯುತ್ತಾರಲ್ಲ, ಅರ್ಥವೆಲ್ಲ ಮನಸ್ಸಿಗೆ ಇಳಿಯುವುದು ಆಗಲೇ. ಮಾವ ಆ ಉಸಿರಿನಲ್ಲಿ ಕೇಳಿಸಿಕೊಂಡದ್ದು ಅಂಥದೊಂದು ತಡೆಯನ್ನು.

ಸೋದರತ್ತೆ ಗುಲಾಬಿಯ ಪಟ್ಟಿಯನ್ನು ಮತ್ತೆ ಮೂಸಿದರು. ಈ ಸಲ ಯಾರೂ ಹೇಳದೆಯೇ ಸುಮ್ಮನಾದರು.

"ನಮ್ಮಮ್ಮ ಹಿತ್ತಲಿಗೆ ನೀರು ಹಾಕಿದ ಹಾಗಿದೆ," ಎಂದರು ಕೊನೆಗೆ, ಮೆಲ್ಲಗೆ. "ಮದುವೆಗೆ ಇದನ್ನೇ ಮಾಡಿಕೊಡಿ."

ಅವರು ಹೋದ ಮೇಲೆ ಸೊಸೆ ಮಾವನನ್ನೇ ನೋಡುತ್ತ ನಿಂತಳು. "ಇದನ್ನ ಯಾವಾಗ ಕಲಿತಿರಿ ಮಾವ?"

"ಕೆಲಸವಿಲ್ಲದವನು ಇನ್ನೇನು ಮಾಡ್ಲಿ? ನೀನು ಮೂಸೋದನ್ನೇ ಕೇಳ್ತಾ ಕೂತಿದ್ದೆ. ಆ ಗುಲಾಬಿಗೆ ನಿನ್ನ ಉಸಿರು ಕೊನೆಯಲ್ಲಿ ಸ್ವಲ್ಪ ತಡವರಿಸುತ್ತೆ. ಮಣ್ಣಿನ ಅತ್ತರು ಒಂದು ಹನಿ ಜಾಸ್ತಿ ಆಯ್ತು ಅಂತ ಅನುಮಾನ, ಅಲ್ವಾ?"

ಆ ಅನುಮಾನವನ್ನು ಅವಳು ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಆ ಹನಿ ಬಿಟ್ಟು ನಾಳೆ ಒಂದು ಸಲ ಬೆರೆಸಿ ನೋಡ್ತೀನಿ," ಎಂದಳು. "ಮೂಸೋಳು ನಾನು. ಕೇಳೋರು ಬೇಕಲ್ಲ ಮಾವ?"

ಮಾವ ಗುಲಾಬಿಯ ಸೀಸೆಗೆ ಬಿರಡೆ ಹಾಕಿದರು.

"ಹಾಗಾದ್ರೆ ಬೇಗ ಬರೋಣ," ಎಂದರು. "ಬೀದಿಯ ಗಲಾಟೆ ಶುರುವಾದ ಮೇಲೆ ಏನೂ ಕೇಳಿಸಲ್ಲ."