ಸಹಿ ಹಾಕದವರು

ಬೈಲಹೊಂಗಲದ ಬಸ್ಸಿನಿಂದ ಇಳಿದ ನೀಲಪ್ಪ ಮಾಸ್ತರರು ಮನೆಯ ದಾರಿ ಹಿಡಿಯದೆ ನೇರ ರಹೀಮಬಿಯ ಬಳೆ ಅಂಗಡಿಗೆ ಬಂದರು. ಅಂಗಡಿಯೆಂದರೆ ಬಸ್ ನಿಲ್ದಾಣದ ಪಕ್ಕದ ತಗಡಿನ ಡಬ್ಬಿ. ಮುಂದೆ ಬಳೆ, ಹಿಂದೆ ಒಂದು ಚಾಪೆ, ಒಂದು ಒಲೆ. ಗಂಡ ಸತ್ತಾಗಿನಿಂದ ಅವಳಿಗೆ ದುಡಿಮೆಯೂ ಅದೇ, ಮನೆಯೂ ಅದೇ.

"ಮುಗೀತು ನೋಡವಾ. ರಾಜೀನಾಮೆ ಪಾಸಾತು," ಅಂದರು. "ಅಧ್ಯಕ್ಷ ಹೋಗಿ ಪಕ್ಷಿ ಆದ್ನಿ."

ನಡೆದದ್ದಿಷ್ಟು. ಊರ ಬಾಯಿಗೆ ಸ್ವಾಗತ ಕಮಾನು ಕಟ್ಟಬೇಕು, ಅದಕ್ಕೆ ಈ ಡಬ್ಬಿ ಕೀಳಿಸಬೇಕು ಅಂತ ಪಂಚಾಯಿತಿ ಸದಸ್ಯರೆಲ್ಲ ಒಂದಾದರು. ನೋಟೀಸಿಗೆ ಅಧ್ಯಕ್ಷರ ಸಹಿಯೊಂದೇ ಬಾಕಿ. ಕುರ್ಚಿಯಲ್ಲಿ ಕೂತು ಒಂದೂವರೆ ತಿಂಗಳಾಗಿದ್ದ ಮಾಸ್ತರರು ಪೆನ್ನು ಮುಚ್ಚಿ, ಹತ್ತು ದಿನದ ಹಿಂದೆಯೇ ಬೈಲಹೊಂಗಲಕ್ಕೆ ಹೋಗಿ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ರಾಜೀನಾಮೆ ಕೊಟ್ಟುಬಂದಿದ್ದರು. ಹತ್ತು ದಿನದೊಳಗೆ ಹಿಂದಕ್ಕೆ ಪಡೆಯಬಹುದು ಅಂತ ಗುಮಾಸ್ತ ಎರಡೆರಡು ಸಲ ಹೇಳಿದ್ದ. ಇವರು ನಕ್ಕಿದ್ದರು.

ಆ ನಗೆಯ ಬೇರು ಸ್ಪೇನ್ ದೇಶದಲ್ಲಿತ್ತು. ರಾಮದುರ್ಗದಲ್ಲಿ ಇತಿಹಾಸ ಕಲಿಸುತ್ತಿದ್ದಾಗ ಸಾಲ್ಮೆರೋನನ ಪಾಠದ ದಿನ ಅವರು ಇಸ್ತ್ರಿ ಅಂಗಿ ತೊಟ್ಟೇ ಹೋಗುತ್ತಿದ್ದರು. ನೂರೈವತ್ತು ವರ್ಷದ ಹಿಂದೆ ಅಲ್ಲಿ ಹೊಸದಾಗಿ ಹುಟ್ಟಿದ ಗಣರಾಜ್ಯಕ್ಕೆ ಒಂದೂವರೆ ತಿಂಗಳ ಅಧ್ಯಕ್ಷ ಆತ. ಸೈನಿಕರ ಮರಣದಂಡನೆಗೆ ಸಹಿ ಹಾಕಲಾರೆ ಅಂತ ಕುರ್ಚಿ ಬಿಟ್ಟೆದ್ದವನು.

ಮಾಸ್ತರರು ಈಗ ಅದನ್ನೆಲ್ಲ ರಹೀಮಬಿಗೆ ಆಡಿ ತೋರಿಸಿದರು. ಸಾಲ್ಮೆರೋನನಿಗೆ ಬಾವಿಯೊಳಗಿನಂಥ ದನಿ ಕೊಟ್ಟರು. ಸಹಿ ಕೇಳಲು ಬಂದ ಮಂತ್ರಿಗೆ ಪಂಚಾಯಿತಿ ಪಿಡಿಒನ ಮೂಗಿನ ದನಿ. ಅವಳು ಸೆರಗು ಬಾಯಿಗಿಟ್ಟು ನಕ್ಕಳು.

"ದೊಡ್ಡ ಮನಷ್ಯಾ ಬಿಡ್ರಿ," ಅಂದಳು. ಆಮೇಲೆ ಬಳೆ ಒರೆಸುತ್ತಲೇ ಕೇಳಿದಳು, "ಮತ್ತ ಆ ಸಿಪಾಯಿಗೋಳು ಉಳದ್ರೇನ್ರಿ?"

ಇಪ್ಪತ್ತೆಂಟು ವರ್ಷದಲ್ಲಿ ಯಾವ ಹುಡುಗನೂ ಇದನ್ನು ಕೇಳಿರಲಿಲ್ಲ. ಆತ ಕುರ್ಚಿ ಬಿಟ್ಟೆದ್ದಲ್ಲಿಗೆ ಪಾಠ ಮುಗಿದು ಗಂಟೆ ಹೊಡೆಯುತ್ತಿತ್ತು.

"ಮುಂದ ಬಂದಾಂವ ಮರಣದಂಡನೆ ಮತ್ತ ಚಾಲೂ ಮಾಡಿದ," ಅಂದರು ಮಾಸ್ತರರು.

ರಹೀಮಬಿ ಬಹಳ ಹೊತ್ತು ಒಂದೇ ಬಳೆ ಒರೆಸಿದಳು. "ಸಹಿ ಹಾಕಬ್ಯಾಡ್ರಿ ಅಂದಿದ್ನಿರಿ ನಾ," ಅಂದಳು. "ಕುರ್ಚಿ ಬಿಡ್ರಿ ಅಂದಿದ್ನೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅಷ್ಟರಲ್ಲಿ ಪಂಚಾಯಿತಿ ಜವಾನ ಯುವರಾಜ ರಸ್ತೆ ದಾಟಿ ಬಂದ. ಉಪಾಧ್ಯಕ್ಷ ಪರಸಪ್ಪ ಮಧ್ಯಾಹ್ನವೇ ಅಧಿಕಾರ ವಹಿಸಿಕೊಂಡಿದ್ದ. ಯುವರಾಜ ಮಾಸ್ತರರಿಗೆ ನಮಸ್ಕಾರ ಹೇಳಿ, ಅವರ ಮುಖ ನೋಡದೆ, ರಹೀಮಬಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಕಾಗದ ಕೊಟ್ಟುಹೋದ. ಅವಳು ಅದನ್ನು ಮಾಸ್ತರರ ಕಡೆ ನೀಡಿದಳು.

"ಓದ್ರಿ."

ಅವರು ಓದಿದರು. ಮೂರು ದಿನದ ಗಡುವು. ತಪ್ಪಿದರೆ ಜೆಸಿಬಿ. ಓದುವಾಗ ಯಾರ ದನಿಯೂ ಬರಲಿಲ್ಲ. ಬಂದದ್ದು ಅವರದೇ, ಸಣ್ಣದು.

ರಹೀಮಬಿ ಎದ್ದು ಕೋಲುಗಳಿಂದ ಬಳೆ ಇಳಿಸತೊಡಗಿದಳು. ಕೆಳಗಿಡಲು ಜಾಗ ಸಾಲಲಿಲ್ಲ.

"ಕೈ ಚಾಚ್ರಿ, ಮಾಸ್ತರ್ರ."

ಚಾಚಿದರು. ಅವಳು ಒಂದೊಂದೇ ಸರ ಅವರ ತೋಳಿಗೇರಿಸಿದಳು. ಹಸಿರು, ಕೆಂಪು, ಮತ್ತೆ ಹಸಿರು. ರಾಮದುರ್ಗದ ಬಸ್ಸು ಬಂದು, ಜನ ಇಳಿದು, ನೋಡುತ್ತ ನಿಂತರು. ಒಂದೂ ಒಡೆಯಬಾರದೆಂದು ಮಾಸ್ತರರು ಉಸಿರು ಬಿಗಿಹಿಡಿದು, ಎರಡೂ ಕೈ ಚಾಚಿಕೊಂಡು ನಿಂತೇ ಇದ್ದರು.