ಕರಿನಾಯಕರ ಕರಿಮದ್ದಿನ ರಿವಾಲ್ವರ್

ನಾನು ಒಂದು ರಿವಾಲ್ವರ್. ಈಗಿನ ಪೊಲೀಸರ ಸೊಂಟದಲ್ಲಿರುವಂಥದ್ದಲ್ಲ, ತೀರ ಹಳೆಯ ಕಾಲದ್ದು. ನನ್ನೊಳಗೆ ಸಿದ್ಧ ತೋಟಾ ಹೋಗುವುದಿಲ್ಲ. ತಿರುಗುವ ನನ್ನ ಉರುಳೆಯಲ್ಲಿ ಆರು ಕುಳಿಗಳಿವೆ. ಒಂದೊಂದಕ್ಕೂ ಕರಿಮದ್ದು ಅಳೆದು ಸುರಿದು, ಸೀಸದ ಗುಂಡು ಒತ್ತಿ ಕೂರಿಸಿ, ಹಿಂದೆ ಬಡಿದರೆ ಕಿಡಿ ಕಾರುವ ತಾಮ್ರದ ಪುಟ್ಟ ಕೇಪು ಸಿಕ್ಕಿಸಬೇಕು. ಅವಸರದವರಿಗೆ ನಾನು ಆಗಿಬರುವುದಿಲ್ಲ.

ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಒಬ್ಬ ದೊರೆಯ ಪೆಟ್ಟಿಗೆಯಲ್ಲಿ ಹಡಗು ಹತ್ತಿ ಬಂದೆ. ಆತ ನನ್ನನ್ನು ಗೋಡೆಗೆ ತೂಗುಹಾಕಿ ಮರೆತ. ಅವನ ಬಂಗಲೆಯ ಸಾಮಾನು ಹರಾಜಾದಾಗ ಮೈಸೂರಿನ ಗಫಾರ್ ಸಾಬರ ಕೋವಿ ರಿಪೇರಿ ಅಂಗಡಿಗೆ ಬಂದು, ಕಪಾಟಿನ ತಳದಲ್ಲಿ ಇಪ್ಪತ್ತು ವರ್ಷ ಮಲಗಿದೆ.

ಒಂದು ದಿನ ಅಂಗಡಿಗೆ ಎತ್ತರದ ವ್ಯಕ್ತಿಯೊಬ್ಬರು ಬಂದರು. ಅಂಗಿಯ ಎಡತೋಳು ಖಾಲಿಯಾಗಿ ಜೋತಾಡುತ್ತಿತ್ತು. ಬರ್ಮಾ ಯುದ್ಧದಲ್ಲಿ ಕೈ ಕಳೆದುಕೊಂಡು ಬಂದ ಸಿಪಾಯಿ, ಹೆಸರು ಕರಿನಾಯಕ.

"ಸಾಬ್ರೇ, ಒಂದೇ ಕೈಲಿ ಹೊಡಿಯಂತದ್ದು ಏನಾರ ಅದ?"

ಸಾಬರು ನನ್ನನ್ನು ಒರೆಸಿ ಮುಂದಿಟ್ಟರು. "ಇದೊಂದಿದೆ ನಾಯಕರೇ. ಆದ್ರೆ ಹದಿನೈದು ಹೆಜ್ಜೆಯಾಚೆ ಇದನ್ನ ನಂಬಬೇಡಿ."

"ಹದಿನೈದು ಹೆಜ್ಜವರ್ಗ ನಾನೇ ಹೋಯ್ತಿನಿ ಬುಡಿ" ಎಂದರು ಕರಿನಾಯಕ. ನನಗೆ ಆ ಮಾತು ಬಹಳ ಹಿಡಿಸಿತು.

ಗುಂಡ್ಲುಪೇಟೆಯ ಕಡೆ, ಕಾಡಂಚಿನ ಒಂದು ಊರು ಅವರದು. ಕಡಲೆಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿಗಳು ಹೊಲವನ್ನು ಉತ್ತುಹಾಕುತ್ತಿದ್ದವು. ಆಗ ಬೇಟೆಗೆ ಲೈಸೆನ್ಸ್ ಕೊಡುತ್ತಿದ್ದ ಕಾಲ. ಹೊಲಕ್ಕೆ ಬಿದ್ದ ಹಂದಿಯನ್ನು ಮಾತ್ರ, ಹಗಲಿನಲ್ಲಿ ಮಾತ್ರ ಹೊಡೆಯಬೇಕು, ಮರಿಯಿರುವ ತಾಯಿಹಂದಿಯನ್ನು ಮುಟ್ಟಬಾರದು ಎಂದು ಕಾಗದದಲ್ಲಿತ್ತು. ಕರಿನಾಯಕರು ಅದನ್ನು ಹೆಂಡತಿ ದೇವೀರಮ್ಮನಿಗೆ ಎರಡು ಸಲ ಓದಿ ಹೇಳಿದರು. "ನಾ ಮರ್ತ್ರ ನೀ ನೆಪ್ಪು ಮಾಡು" ಎಂದರು.

ಒಂದು ಕೈಯಲ್ಲಿ ನನಗೆ ಮದ್ದು ತುಂಬುವುದು ಕಷ್ಟ. ಅವರು ಜಾಲಿಮರದಲ್ಲಿ ಕೊರೆದು ಒಂದು ಪೀಠ ಮಾಡಿ, ಮೂತಿ ಮೇಲಾಗಿ ನನ್ನನ್ನು ನಿಲ್ಲಿಸುತ್ತಿದ್ದರು. ದೇವೀರಮ್ಮ ಕೊಂಬಿನ ಅಳತೆಯಲ್ಲಿ ಮದ್ದು ಸುರಿಯುತ್ತಿದ್ದಳು. ಐದೇ ಕುಳಿ ತುಂಬುವುದು. ಕೇಪಿಗೆ ಬಡಿಯುವ ನನ್ನ ಸುತ್ತಿಗೆ ಆರನೆಯ ಖಾಲಿ ಕುಳಿಯ ಮೇಲೆ ಇರಬೇಕು, ಎಡವಿ ಬಿದ್ದರೂ ನಾನು ಸಿಡಿಯಬಾರದು. ಒಂದು ಕುಳಿಯ ಕಿಡಿ ಪಕ್ಕದ್ದಕ್ಕೆ ಹಾರದಂತೆ ಬಾಯಿಗೆಲ್ಲ ಮೇಣ ಬೆರೆಸಿದ ಕೊಬ್ಬು ಮೆತ್ತಬೇಕು. ಬೀಡಿ ಸೇದುವವನು ಅಂಗಳಕ್ಕೂ ಕಾಲಿಡುವಂತಿರಲಿಲ್ಲ. ಇಷ್ಟು ಜತನ ನನಗೆ ದೊರೆಯ ಬಂಗಲೆಯಲ್ಲೂ ಸಿಕ್ಕಿರಲಿಲ್ಲ.

ಒಂದು ವರ್ಷ ಒಂಟಿ ಹಂದಿಯೊಂದು ಪಟೇಲ ಜವನೇಗೌಡರ ಎತ್ತಿನ ಹೊಟ್ಟೆ ಸೀಳಿತು. ಊರವರು ಸೇರಿ ಬೆಳಿಗ್ಗೆಯೇ ಹಳ್ಳದ ಆಚೆಯಿಂದ ಕೂಗುತ್ತ, ತಮಟೆ ಬಡಿಯುತ್ತ ಅದನ್ನು ಪೊದೆಗಳಿಂದ ಎಬ್ಬಿಸಿ ಈಚೆಗೆ ಸೋವಿದರು. ಈಚೆಯ ಬದುವಿನಲ್ಲಿ ಕರಿನಾಯಕರು ನನ್ನನ್ನು ಹಿಡಿದು ನಿಂತಿದ್ದರು.

ಹಂದಿ ಬಂತು. ಇಪ್ಪತ್ತು ಹೆಜ್ಜೆ, ಹದಿನೈದು, ಹತ್ತು. ಅವರ ಬೆರಳು ಟ್ರಿಗರ್ ಮೇಲಿತ್ತು. ಅಷ್ಟರಲ್ಲಿ ಹಂದಿಯ ಹಿಂದಿನ ಲಂಟಾನ ಪೊದೆ ಅಲ್ಲಾಡಿತು. ಬೆರಳು ಸಡಿಲವಾಯಿತು. ಹಂದಿ ನೇರ ನುಗ್ಗಿ ಬಂದು, ಅವರ ಮೀನಖಂಡವನ್ನು ಕೋರೆಯಿಂದ ಸೀಳಿ, ಕಾಡು ಸೇರಿತು. ಅವರು ಕೆಳಗೆ ಬಿದ್ದರು. ಬಿದ್ದಾಗಲೂ ನನ್ನ ಮೂತಿ ನೆಲದ ಕಡೆಗೇ ಇತ್ತು.

ಜವನೇಗೌಡರು ಓಡಿಬಂದು ಕೂಗಾಡಿದರು. "ಮೈಮ್ಯಾಕ ಬಂದ್ರೂ ಹೊಡಿನಿಲ್ಲವಲ್ಲ! ಈ ಆಟದ ಸಾಮಾನು ಇಟ್ಕಂಡು ಊರ ಕಾಯ್ತಿಯಾ?"

"ಹಿಂದುಗಡ ಪೊದ ಅಲ್ಲಾಡ್ತು ಗೌಡ್ರೇ. ಏನು ಅಂತ ಗೊತ್ತಿಲ್ದೆ ಹೊಡಿಯಕಾಗಲ್ಲ."

"ಅಲ್ಲಿ ಯಾರಿದ್ರು? ಸೋವೋರೆಲ್ಲ ಹಳ್ಳದಾಚ ಇದ್ರು. ಹೆದ್ರುಕಂಡಿ ಅನ್ನು! ನಿನ್ನ ಲೈಸನ್ಸು ಕಿತ್ತಾಕ್ಲಿ ಅಂತ ಅಮಲ್ದಾರ್ರಿಗೆ ಅರ್ಜಿ ಹಾಕ್ತಿನಿ."

ಊರವರು ಕರಿನಾಯಕರನ್ನು ಎತ್ತಿ ಮನೆಗೆ ತಂದರು.

ನಾಲ್ಕು ದಿನ ಕರಿನಾಯಕರು ಮಲಗಿದರು. ದೇವೀರಮ್ಮ ಗಾಯಕ್ಕೆ ಅರಿಸಿನ ಕಟ್ಟುತ್ತಿದ್ದಳು. ಗೋಡೆಯ ಗೂಡಿನಲ್ಲಿದ್ದ ನನಗೆ ಅವರ ಮಾತು ಕೇಳಿಸುತ್ತಿತ್ತು.

"ಬರೀ ಗಾಳಿನೇ ಇದ್ದಿರಬೌದಾ ದೇವೀರಿ?"

"ಗಾಳಿಯೇ ಆಗಿರ್ಲಿ. ಆಗ್ಲೂ ನೀ ಮಾಡುದ್ದು ಸರಿಯೇ."

ಐದನೆಯ ದಿನ ನನ್ನನ್ನೂ ಲೈಸೆನ್ಸ್ ಕಾಗದವನ್ನೂ ತೆಗೆದುಕೊಂಡು ಚಾವಡಿಗೆ ಬರಬೇಕೆಂದು ಗೌಡರು ಹೇಳಿಕಳಿಸಿದರು. ಕರಿನಾಯಕರು ನನ್ನನ್ನು ಸೊಂಟಕ್ಕೆ ಸಿಕ್ಕಿಸಿ ಕೋಲೂರಿಕೊಂಡು ಹೋದರು. ಗೌಡರು ಅರ್ಜಿ ಓದಿಸಿ, ಒಬ್ಬೊಬ್ಬರಿಂದ ಹೆಬ್ಬೆಟ್ಟು ಹಾಕಿಸತೊಡಗಿದರು. ಸರದಿ ಬೆಳ್ಳಶೆಟ್ಟಿಗೆ ಬಂತು. ತಮಟೆ ಬಡಿಯಲು ಹೋಗಿದ್ದವರಲ್ಲಿ ಅವನೂ ಒಬ್ಬ. ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡವನು ಅದನ್ನು ಕಾಗದಕ್ಕೆ ಒತ್ತದೆ ಹಾಗೇ ನಿಂತ.

"ಒತ್ತಲೋ" ಎಂದರು ಗೌಡರು.

ಬೆಳ್ಳಶೆಟ್ಟಿ ಕೈ ಹಿಂದಕ್ಕೆಳೆದುಕೊಂಡ. "ನನ್ ಕೈಲಾಗಲ್ಲ ಗೌಡ್ರೇ. ಅವತ್ತು ನಾ ಹೆಂಡ ಕುಡ್ದಿದ್ದಿ. ಸೋವೋದ ಬುಟ್ಟು ಈಚ ಬಂದು ಆ ಪೊದಲಿ ಮನಿಕಂಡಿದ್ದಿ. ಹಂದಿ ಸದ್ದಿಗೆ ಎದ್ದಿ. ಪೊದ ಅಲ್ಲಾಡ್ಸುದ್ದು ನಾನೇ. ನಾಚ್ಕ ಆಗಿ ಹೇಳ್ನಿಲ್ಲ." ಅವನು ಕರಿನಾಯಕರ ಕಟ್ಟು ಹಾಕಿದ ಕಾಲಿನ ಮುಂದೆ ಕುಸಿದು ಕುಳಿತ. "ನನ್ ಮೂರು ಮಕ್ಳು ಇವತ್ತು ಅಪ್ಪಾ ಅಂತ ಕರೀತಾ ಅವ ಅಂದ್ರ ನಿಮ್ಮಿಂದ ಕಣಣ್ಣ."

ಕರಿನಾಯಕರು ಕೋಲನ್ನು ಗೋಡೆಗೆ ಒರಗಿಸಿ, ಇರುವ ಒಂದು ಕೈಯಿಂದ ಅವನನ್ನು ಎಬ್ಬಿಸಿದರು. ಗೌಡರು ಅರ್ಜಿಯನ್ನು ನಾಲ್ಕು ಚೂರು ಮಾಡಿ, "ತಪ್ಪಾಯ್ತು ನಾಯ್ಕ" ಎಂದರು. ಪಟೇಲರ ಬಾಯಲ್ಲಿ ಆ ಮಾತು ಊರವರು ಅದೇ ಮೊದಲು ಕೇಳಿದ್ದು.

ಕಾಲು ಮಾಗಿದ ಮೇಲೆ ಅದೇ ಹಂದಿ ಮತ್ತೆ ಹೊಲಕ್ಕೆ ಬಿತ್ತು. ಈ ಸಲ ಅದರ ಹಿಂದೆ ಮಣ್ಣಿನ ದಿಬ್ಬವಿತ್ತು. ಒಂಬತ್ತು ಹೆಜ್ಜೆಯಿಂದ, ಮುಂಗಾಲಿನ ಹಿಂದಕ್ಕೆ, ಒಂದೇ ಗುಂಡು. ಬಿಳಿಹೊಗೆ ತಿಳಿಯಾದಾಗ ಹಂದಿ ಉರುಳಿತ್ತು. ಕರಿನಾಯಕರು ಕಿರುಚಲಿಲ್ಲ, ಕುಣಿಯಲಿಲ್ಲ. ಹತ್ತಿರ ಹೋಗಿ, ಅದರ ಉಸಿರು ನಿಂತದ್ದು ಖಾತ್ರಿಯಾಗುವವರೆಗೂ ಅಲ್ಲೇ ಇದ್ದರು.

ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಾವು ಜೊತೆಗಿದ್ದೆವು. ಆಮೇಲೆ ಕಾಡುಪ್ರಾಣಿಗಳನ್ನು ಉಳಿಸುವ ಹೊಸ ಕಾನೂನು ಬಂದು ಬೇಟೆಯ ಲೈಸೆನ್ಸ್ ನಿಂತಿತು. "ಮನೆಯಲ್ಲೇ ಬಚ್ಚಿಡು, ಯಾರು ನೋಡ್ತಾರೆ" ಎಂದವರಿದ್ದರು. ಕರಿನಾಯಕರು ಕೇಳಲಿಲ್ಲ. ಕಾನೂನು ಬೇಟೆಯಾಡು ಅಂದಾಗ ಆಡಿದವನು, ಬೇಡ ಅಂದಾಗ ಬಿಡಬೇಕು ಎಂದು, ಬಸ್ಸು ಹತ್ತಿ ನನ್ನನ್ನು ಸರ್ಕಾರಕ್ಕೆ ಒಪ್ಪಿಸಲು ಠಾಣೆಗೆ ತಂದರು. ರಸೀದಿಗೆ ಸಹಿ ಮಾಡುವ ಮೊದಲು, "ಸ್ವಾಮಿ, ಒಂದು ಚೊಂಬು ಬಿಸಿನೀರು ಸಿಕ್ಕದಾ?" ಎಂದು ಕೇಳಿದರು. ಗುಮಾಸ್ತರು ಹೋಟೆಲಿನಿಂದ ತರಿಸಿಕೊಟ್ಟರು. ಕರಿಮದ್ದಿನ ಮಸಿ ಕಬ್ಬಿಣವನ್ನು ತಿನ್ನುತ್ತದೆ, ಬಿಸಿನೀರಿಗೆ ಮಾತ್ರ ಅದು ಬಿಡುವುದು. ಠಾಣೆಯ ಮೆಟ್ಟಿಲ ಮೇಲೆ ಕುಳಿತು, ಪಾದಗಳ ನಡುವೆ ನನ್ನನ್ನು ಒತ್ತಿ ಹಿಡಿದು, ಒಂದೊಂದು ಕುಳಿಯನ್ನೂ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿದರು. ಆಮೇಲೆ ಸಹಿ ಮಾಡಿ, ತಿರುಗಿ ನೋಡದೆ ಹೋದರು.

ಈಗ ನಾನು ಒಂದು ಸಣ್ಣ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ಪಕ್ಕದ ಚೀಟಿಯಲ್ಲಿ, ನನ್ನ ಹಿಡಿಯ ಮೇಲೆ ಕೆತ್ತಿರುವ ಆ ಇಂಗ್ಲಿಷ್ ದೊರೆಯ ಹೆಸರಿದೆ, ಕರಿನಾಯಕರ ಹೆಸರಿಲ್ಲ. ನೋಡಲು ಬಂದವರು ಇದು ಎಷ್ಟು ಪ್ರಾಣ ತೆಗೆದಿದೆಯೋ ಎಂದು ಪಿಸುಗುಟ್ಟುತ್ತಾರೆ. ನನಗೆ ಬಾಯಿದ್ದಿದ್ದರೆ ಬೆಳ್ಳಶೆಟ್ಟಿಯ ಮೂರು ಮಕ್ಕಳ ಹೆಸರು ಹೇಳುತ್ತಿದ್ದೆ.